ಕನ್ನಡದಲ್ಲಿ ಕಿರುಪ್ರಬಂಧ ಬರೆಯುವವರಿಗೆ: ಲಿಬ್ರೆಆಫೀಸ್, ಝೊಟೆರೊ ಬಳಸುವ ಸಮಗ್ರ ಮಾರ್ಗದರ್ಶಿ

ಎಂ.ಎ. ಕೊನೆಯ ಸೆಮಿಸ್ಟರಿನವರು ಪ್ರತಿ ವರ್ಷ ಒಂದೇ ಜಾಗದಲ್ಲಿ ಎಡವುತ್ತಾರೆ. ವಿಷಯ ಚೆನ್ನಾಗಿರುತ್ತದೆ, ಓದೂ ಆಗಿರುತ್ತದೆ. ಆದರೆ ಸಲ್ಲಿಸಲು ಎರಡು ದಿನ ಇದೆ ಅನ್ನುವಾಗ ಪರಿವಿಡಿಯ ಪುಟಸಂಖ್ಯೆ ತಾಳೆಯಾಗುವುದಿಲ್ಲ. ಗ್ರಂಥಋಣದಲ್ಲಿ ಅರ್ಧ ಪುಸ್ತಕಗಳಿಗೆ ಪ್ರಕಾಶಕರ ಹೆಸರಿಲ್ಲ. ಜೆರಾಕ್ಸ್ ಅಂಗಡಿಯಲ್ಲಿ ಫೈಲ್ ತೆರೆದರೆ ಅಲ್ಲಿ ಕನ್ನಡವೇ ಇಲ್ಲ.

ಹೋದ ವರ್ಷ ಒಬ್ಬ ಹುಡುಗಿ ಪೆನ್‌ಡ್ರೈವ್ ಹಿಡಿದು ಬಂದಳು. 84 ಪುಟದ ಕೆಲಸ. ನನ್ನ ಲ್ಯಾಪ್‌ಟಾಪಿನಲ್ಲಿ ತೆರೆದಾಗ ‘ಕನ್ನಡ’ ಎಂಬ ಪದ ಇರಬೇಕಾದ ಕಡೆ ಇಂಗ್ಲಿಷಿನ ದೊಡ್ಡ ಪಿ, ತಲೆ ಮೇಲೆ ಗೆರೆ ಹೊತ್ತ ಎ, ನಡುವೆ ಬ್ರಿಟಿಷ್ ಪೌಂಡಿನ ಗುರುತು. ಅವಳು ಏನೂ ಮಾತಾಡಲಿಲ್ಲ, ಸುಮ್ನೆ ಪರದೆ ನೋಡುತ್ತಾ ಕೂತಳು. ಅವಳ ಬರವಣಿಗೆಯಲ್ಲಿ ತಪ್ಪಿರಲಿಲ್ಲ. ಕೆಲಸದ ಕ್ರಮ ತಪ್ಪಿತ್ತು.

ಅಕ್ಷರ, ಶೈಲಿ, ಪುಸ್ತಕಗಳ ವಿವರ. ಈ ಮೂರನ್ನು ಮೊದಲ ವಾಕ್ಯ ಬರೆಯುವ ಮುಂಚೆಯೇ ಸರಿಮಾಡಿಕೊಳ್ಳಬೇಕು. ಎಲ್ಲ ಬರೆದು ಮುಗಿದ ಮೇಲೆ ಮಾಡೋಣ ಅಂತ ಬಿಟ್ಟರೆ ಒಂದು ದಿನದ ಕೆಲಸ ಒಂದು ವಾರ ತಿನ್ನುತ್ತದೆ. ಅದಕ್ಕೇ ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ.

ಬೇಕಾಗುವ ಸಾಮಾನು

ಎಲ್ಲವೂ ಉಚಿತ, ಎಲ್ಲವೂ ವಿಂಡೋಸ್ ಮತ್ತು ಲಿನಕ್ಸ್ ಎರಡರಲ್ಲೂ ನಡೆಯುತ್ತವೆ.

- ಲಿಬ್ರೆಆಫೀಸ್. ಅದರಲ್ಲಿರುವ ರೈಟರ್ ನಿಮ್ಮ ಬರವಣಿಗೆಯ ಮೇಜು.
- ಝೊಟೆರೊ. ಓದಿದ ಪುಸ್ತಕ, ಲೇಖನಗಳ ವಿವರವನ್ನು ಇಟ್ಟುಕೊಂಡು ಉಲ್ಲೇಖ ಮತ್ತು ಗ್ರಂಥಋಣವನ್ನು ತಾನೇ ಬರೆದುಕೊಡುತ್ತದೆ.
- ಝೊಟೆರೊ ಕನೆಕ್ಟರ್. ಫೈರ್‌ಫಾಕ್ಸ್, ಕ್ರೋಮ್ ಬ್ರೌಸರಿಗೆ ಸೇರಿಸುವ ಸಣ್ಣ ಬಟನ್.
- ಯುನಿಕೋಡ್ ಫಾಂಟ್. ನೋಟೊ ಸೆರಿಫ್ ಕನ್ನಡ ಅಥವಾ ಟಿರೋ ಕನ್ನಡ ಅಚ್ಚಿಗೆ ಚೆನ್ನಾಗಿ ಕಾಣುತ್ತವೆ.

ಹಂತ 1ರಿಂದ 4ರವರೆಗೆ ಅರ್ಧ ದಿನ ಬಿಡುವು ಮಾಡಿಕೊಳ್ಳಿ. ಆ ಅರ್ಧ ದಿನ ಬರೆಯಲು ಕೂರಬೇಡಿ.

ಹಂತ 1: ಇಳಿಸಿಕೊಂಡು ಸೇರಿಸುವುದು

ಲಿಬ್ರೆಆಫೀಸ್ ಮತ್ತು ಝೊಟೆರೊ ಎರಡನ್ನೂ ಅವುಗಳ ಸ್ವಂತ ತಾಣದಿಂದಲೇ ಇಳಿಸಿಕೊಳ್ಳಿ. ಲಿಬ್ರೆಆಫೀಸ್ ಇಳಿಸುವಾಗ ದೇಣಿಗೆ ಕೇಳುವ ಪುಟ ಬರುತ್ತದೆ, ಅದು ಕಡ್ಡಾಯ ಅಲ್ಲ.

ಕ್ರಮ ಮುಖ್ಯ: ಮೊದಲು ಲಿಬ್ರೆಆಫೀಸ್, ಆಮೇಲೆ ಝೊಟೆರೊ. ಝೊಟೆರೊದ ಸೆಟ್ಟಿಂಗ್ಸ್‌ನಲ್ಲಿ ‘ಸೈಟ್’ (Cite) ಎಂಬ ವಿಭಾಗ ಇದೆ. ಅದರಲ್ಲಿ ವರ್ಡ್ ಪ್ರೊಸೆಸರ್ಸ್ ಎಂಬಲ್ಲಿ ಲಿಬ್ರೆಆಫೀಸ್ ಆಡ್-ಇನ್ ಸೇರಿಸುವ ಬಟನ್ ಒತ್ತಿ. ಲಿಬ್ರೆಆಫೀಸ್ ಮುಚ್ಚಿ ಮತ್ತೆ ತೆರೆದರೆ ರೈಟರ್‌ನಲ್ಲಿ ಝೊಟೆರೊ ಪಟ್ಟಿ ಕಾಣಬೇಕು.

ಕಾಣದಿದ್ದರೆ ಹೆಚ್ಚಿನ ಸಲ ಕಾರಣ ಜಾವಾ, ಅಂದರೆ ಈ ಆಡ್-ಇನ್ ನಡೆಯಲು ಬೇಕಾದ ಇನ್ನೊಂದು ತಂತ್ರಾಂಶ. ಟೂಲ್ಸ್ → ಆಪ್ಷನ್ಸ್ → ಲಿಬ್ರೆಆಫೀಸ್ → ಅಡ್ವಾನ್ಸ್ಡ್ ತೆರೆದು ಅಲ್ಲಿ ಜಾವಾ ಆಯ್ಕೆಯಾಗಿದೆಯೇ ನೋಡಿ. ಉಬುಂಟುವಿನಲ್ಲಿ ಲಿಬ್ರೆಆಫೀಸ್‌ನ ಜಾವಾ ಪ್ಯಾಕೇಜನ್ನು ಬೇರೆಯಾಗಿ ಹಾಕಬೇಕಾಗಬಹುದು. ಸ್ನ್ಯಾಪ್ ಅಥವಾ ಫ್ಲ್ಯಾಟ್‌ಪ್ಯಾಕ್ ಮೂಲಕ ಹಾಕಿದ್ದರೆ ಲಿಬ್ರೆಆಫೀಸ್, ಝೊಟೆರೊ ಎರಡೂ ಒಂದಕ್ಕೊಂದು ಮಾತಾಡದೆ ಇರುವುದುಂಟು. ಆಗ ಅದನ್ನು ತೆಗೆದು ಸಾಮಾನ್ಯ ಪ್ಯಾಕೇಜನ್ನೇ ಹಾಕಿಕೊಳ್ಳಿ.

ಹಂತ 2: ಯುನಿಕೋಡ್‌ನಲ್ಲೇ ಟೈಪ್ ಮಾಡುವ ಅಭ್ಯಾಸ

ಅತಿ ಹೆಚ್ಚು ಜನ ಸೋಲುವುದು ಇಲ್ಲಿ. ಹಾಗಾಗಿ ಸ್ವಲ್ಪ ನಿಧಾನವಾಗಿ ಓದಿ.

ಹಳೆಯ ಆಸ್ಕಿ ಫಾಂಟ್‌ಗಳಲ್ಲಿ ಕಂಪ್ಯೂಟರ್ ಉಳಿಸಿಕೊಳ್ಳುವುದು ಇಂಗ್ಲಿಷ್ ಅಕ್ಷರವನ್ನೇ. ಫಾಂಟ್ ಅದರ ಮೇಲೆ ಕನ್ನಡದ ಆಕಾರ ತೋರಿಸುತ್ತದೆ, ಅಷ್ಟೇ. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಮುಖವಾಡ ಕಳಚಿ ಬೀಳುತ್ತದೆ. ಯುನಿಕೋಡ್‌ನಲ್ಲಿ ‘ಕ’ ಎಂದರೆ ಎಲ್ಲಿ ಹೋದರೂ ‘ಕ’ವೇ. ಹುಡುಕಬಹುದು, ಅಕಾರಾದಿಯಾಗಿ ಜೋಡಿಸಬಹುದು, ಫೋನಿನಲ್ಲೂ ಓದಬಹುದು. ಝೊಟೆರೊಗೂ ಇದೇ ಬೇಕು.

ವಿಂಡೋಸ್ 10 ಅಥವಾ 11 ಇದ್ದರೆ ಸೆಟ್ಟಿಂಗ್ಸ್‌ನಲ್ಲಿ ಭಾಷೆಯ ವಿಭಾಗಕ್ಕೆ ಹೋಗಿ ಕನ್ನಡ ಸೇರಿಸಿ. ಕೀಬೋರ್ಡ್ ಆಯ್ಕೆಯಲ್ಲಿ ಇನ್‌ಸ್ಕ್ರಿಪ್ಟ್ ವಿನ್ಯಾಸವೂ ‘ಕನ್ನಡ ಫೊನೆಟಿಕ್’ ಕೂಡ ಸಿಗುತ್ತವೆ. ವಿಂಡೋಸ್ ಕೀಲಿ ಮತ್ತು ಸ್ಪೇಸ್ ಒಟ್ಟಿಗೆ ಒತ್ತಿದರೆ ಕನ್ನಡ, ಇಂಗ್ಲಿಷ್ ಬದಲಾಗುತ್ತದೆ. ಲಿನಕ್ಸ್‌ನಲ್ಲಿ ಕಗಪ ವಿನ್ಯಾಸ ಇದೆ. ಅದು ಕನ್ನಡ ಗಣಕ ಪರಿಷತ್ತಿನ ನುಡಿ ವಿನ್ಯಾಸವೇ ಆದ್ದರಿಂದ ನುಡಿಯಲ್ಲಿ ಕಲಿತ ಬೆರಳು ಮತ್ತೆ ಕಲಿಯಬೇಕಿಲ್ಲ. ನುಡಿಯನ್ನೇ ಬಳಸುವವರು ಅದನ್ನು ಯುನಿಕೋಡ್ ಮೋಡಿಗೆ ಬದಲಾಯಿಸಿಕೊಂಡರೆ ಸಾಕು.

ಸರಿಯಾಗಿದೆಯೇ ಅಂತ ತಿಳಿಯಲು ಒಂದು ಪರೀಕ್ಷೆ: ಒಂದು ಸಾಲು ಟೈಪ್ ಮಾಡಿ, ಕಾಪಿ ಮಾಡಿ, ಬ್ರೌಸರಿನ ಹುಡುಕಾಟದ ಪೆಟ್ಟಿಗೆಗೆ ಹಾಕಿ. ಕನ್ನಡವಾಗಿಯೇ ಕಂಡರೆ ಯುನಿಕೋಡ್. ಪೌಂಡಿನ ಗುರುತು ಕಂಡರೆ ಅಲ್ಲಿಗೇ ನಿಲ್ಲಿಸಿ. ಒಂದು ಪುಟವನ್ನೂ ಮುಂದೆ ಬರೆಯಬೇಡಿ.

ಕಣ್ಣಿಗೆ ಕಾಣದ ನಾಲ್ಕು ತಪ್ಪುಗಳಿವೆ:

1. ಅನುಸ್ವಾರದ ಬದಲು ಕನ್ನಡ ಸೊನ್ನೆ. ‘ಬೆಂಗಳೂರು’ ಮತ್ತು ‘ಬೆ೦ಗಳೂರು’ ನೋಡಲು ಒಂದೇ ಥರ. ಆದರೆ ಎರಡನೆಯದರಲ್ಲಿ ಇರುವುದು ಸೊನ್ನೆ. ಹುಡುಕಿದರೆ ಸಿಗುವುದಿಲ್ಲ.

2. ಅರ್ಕಾವತ್ತಿನ ಬದಲು ಕನ್ನಡದ ಒಂಬತ್ತು. ‘ಕರ್ನಾಟಕ’ ಎಂದು ಬರೆಯುವ ಬದಲು ‘ಕನಾ೯ಟಕ’ ಎಂದು ಬರೆದುಬಿಡುತ್ತಾರೆ. ಕಾಗದದ ಮೇಲೆ ಗೊತ್ತೇ ಆಗುವುದಿಲ್ಲ.

3. ‘ಸಾಫ್ಟ್‌ವೇರ್’ ಎನ್ನುವುದು ‘ಸಾಫ್ಟ್ವೇರ್’ ಆಗುವುದು. ಒತ್ತು ಕೂಡದಂತೆ ತಡೆಯಲು ನಡುವೆ ಅಗಲವಿಲ್ಲದ ಒಂದು ಅಕ್ಷರ ಬೇಕು. ರೈಟರ್‌ನಲ್ಲಿ ಕೀಬೋರ್ಡನ್ನು ಇಂಗ್ಲಿಷಿಗೆ ಬದಲಾಯಿಸಿ, 200 ಬರೆದು ಅದಕ್ಕೆ ಅಂಟಿಸಿ ಇಂಗ್ಲಿಷಿನ ಸಿ ಬರೆಯಿರಿ. ತಕ್ಷಣ ಆಲ್ಟ್ ಮತ್ತು ಎಕ್ಸ್ ಒತ್ತಿದರೆ ಆ ಅಕ್ಷರ ಬಂದು ಕೂರುತ್ತದೆ.

4. ‘ರ‍್ಯಾಂಕ್’ ಎನ್ನುವುದು ‘ರ್ಯಾಂಕ್’ ಆಗುವುದು. ಇಲ್ಲಿ ರ ಆದ ಮೇಲೆ, ಹಲಂತಕ್ಕೆ ಮುಂಚೆ, ಇದೇ ರೀತಿ 200 ಮತ್ತು ಇಂಗ್ಲಿಷಿನ ಡಿ ಬರೆದು ಆಲ್ಟ್ ಮತ್ತು ಎಕ್ಸ್ ಒತ್ತಬೇಕು.

ಮೊದಲ ತಪ್ಪನ್ನು ಕೊನೆಯಲ್ಲಿ ಫೈಂಡ್ ಅಂಡ್ ರಿಪ್ಲೇಸ್‌ನಿಂದ ತಿದ್ದಬಹುದು. ಆದರೆ ನೀವು ಇಸವಿಗಳನ್ನು ಕನ್ನಡ ಅಂಕಿಯಲ್ಲಿ ಬರೆದಿದ್ದರೆ ‘ರಿಪ್ಲೇಸ್ ಆಲ್’ ಒತ್ತಲೇಬೇಡಿ, ಸೊನ್ನೆಗಳೆಲ್ಲ ಅನುಸ್ವಾರ ಆಗಿಬಿಡುತ್ತವೆ. ಎರಡನೆಯದನ್ನು ಒಂದೊಂದಾಗಿ ಕೈಯಿಂದಲೇ ತಿದ್ದಬೇಕು, ಯಾಕಂದರೆ ‘ರ್’ ಕಾಣುವ ಜಾಗವೇ ಬೇರೆ, ಟೈಪ್ ಮಾಡುವ ಜಾಗವೇ ಬೇರೆ.

ಹಂತ 3: ಈಗಾಗಲೇ ಆಸ್ಕಿಯಲ್ಲಿ ಬರೆದಿದ್ದರೆ

ಗಾಬರಿ ಬೇಡ. ನುಡಿ ತಂತ್ರಾಂಶದ ಜೊತೆಗೇ ಪರಿವರ್ತಕ ಬರುತ್ತದೆ. ಮೂಲ ಫೈಲಿನ ಒಂದು ಪ್ರತಿಯನ್ನು ಬೇರೆ ಕಡೆ ಇಟ್ಟು, ಇನ್ನೊಂದು ಪ್ರತಿಯ ಮೇಲೆ ಕೆಲಸ ಮಾಡಿ. ಒಂದು ಸಲಕ್ಕೆ ಒಂದು ಅಧ್ಯಾಯ ಮಾತ್ರ ಬದಲಾಯಿಸಿ.

ಪರಿವರ್ತಕಕ್ಕೆ ಯಾವುದು ನಿಜವಾದ ಇಂಗ್ಲಿಷ್, ಯಾವುದು ವೇಷ ಹಾಕಿದ ಕನ್ನಡ ಅಂತ ಗೊತ್ತಾಗುವುದಿಲ್ಲ. ನಿಮ್ಮ ಪ್ರಬಂಧದಲ್ಲಿ ಇಂಗ್ಲಿಷ್ ಪುಸ್ತಕದ ಹೆಸರಿದ್ದರೆ ಅದೂ ಅರ್ಥವಿಲ್ಲದ ಕನ್ನಡವಾಗುತ್ತದೆ. ಹಾಗಾಗಿ ಇಂಗ್ಲಿಷ್ ಇರುವ ಸಾಲುಗಳಿಗೆ ಮೊದಲೇ ಗುರುತು ಹಾಕಿಕೊಂಡು, ಬದಲಾಯಿಸಿದ ಮೇಲೆ ಆ ಸಾಲುಗಳನ್ನು ಹೊಸದಾಗಿ ಟೈಪ್ ಮಾಡಿ. ಅರ್ಕಾವತ್ತು ಇರುವ ಪದಗಳು, ಎರಡು ಒತ್ತು ಬರುವ ‘ಸ್ತ್ರೀ’, ‘ರಾಷ್ಟ್ರ’ದಂಥ ಪದಗಳು, ಅಂಕಿಗಳು: ಇವನ್ನು ಕಣ್ಣಿಟ್ಟು ನೋಡಿ. ಆ ಹುಡುಗಿಯ 84 ಪುಟ ಎರಡು ಸಂಜೆಯಲ್ಲಿ ಬದಲಾಯಿತು. ತಿದ್ದಲು ಮಾತ್ರ ಮತ್ತೆ ನಾಲ್ಕು ದಿನ ಹಿಡಿಯಿತು.

ಹಂತ 4: ರೈಟರ್‌ಗೆ ಕನ್ನಡ ಹೇಳಿಕೊಡುವುದು

ಟೂಲ್ಸ್ → ಆಪ್ಷನ್ಸ್ ತೆರೆದು ಭಾಷೆಯ ವಿಭಾಗಕ್ಕೆ ಹೋಗಿ. ಅಲ್ಲಿ ‘ಕಾಂಪ್ಲೆಕ್ಸ್ ಟೆಕ್ಸ್ಟ್ ಲೇಔಟ್’ ಎಂಬ ಸಾಲಿಗೆ ಗುರುತು ಹಾಕಿ, ಪಕ್ಕದ ಪಟ್ಟಿಯಲ್ಲಿ ಕನ್ನಡ ಆರಿಸಿ. ಲಿಬ್ರೆಆಫೀಸ್ ಕನ್ನಡವನ್ನು ಈ ಗುಂಪಿನಲ್ಲಿ ಇಟ್ಟಿದೆ. ಇದೊಂದು ವಿಷಯ ಗೊತ್ತಿಲ್ಲದೆ ಎಷ್ಟೋ ಜನ ತಲೆ ಚಚ್ಚಿಕೊಳ್ಳುತ್ತಾರೆ.

ಕಾರಣ ಹೀಗಿದೆ. ರೈಟರ್‌ನಲ್ಲಿ ಪ್ರತಿ ಶೈಲಿಗೂ ಎರಡು ಫಾಂಟ್ ಇರುತ್ತವೆ: ಇಂಗ್ಲಿಷಿಗೆ ಒಂದು, ಕನ್ನಡದಂಥ ಲಿಪಿಗೆ ಇನ್ನೊಂದು. ಗಾತ್ರವೂ ಬೇರೆ, ದಪ್ಪಕ್ಷರವೂ ಬೇರೆ. ನೀವು ಇಂಗ್ಲಿಷ್ ಭಾಗದಲ್ಲಿ 14 ಎಂದು ಹಾಕಿ ಸರಿ ಒತ್ತಿದರೆ ಕನ್ನಡ ಅಲ್ಲಾಡುವುದೇ ಇಲ್ಲ. ‘ಸೈಜ್ ಬದಲಾಯಿಸಿದೆ, ಆಗ್ತಾ ಇಲ್ಲ’ ಅಂತ ಹೇಳುವವರೆಲ್ಲ ತಪ್ಪು ಭಾಗದಲ್ಲಿ ಬದಲಾಯಿಸಿರುತ್ತಾರೆ.

ಆಮೇಲೆ ಅದೇ ಆಪ್ಷನ್ಸ್‌ನಲ್ಲಿ ಲಿಬ್ರೆಆಫೀಸ್ ರೈಟರ್ ವಿಭಾಗದ ‘ಬೇಸಿಕ್ ಫಾಂಟ್ಸ್’ ಎರಡನೆಯದನ್ನು, ಅಂದರೆ ಸಿಟಿಎಲ್ (ಕಾಂಪ್ಲೆಕ್ಸ್ ಟೆಕ್ಸ್ಟ್ ಲೇಔಟ್) ಎಂದು ಬರೆದಿರುವುದನ್ನು ತೆರೆಯಿರಿ. ಎಲ್ಲ ಸಾಲಿನಲ್ಲೂ ನೋಟೊ ಸೆರಿಫ್ ಕನ್ನಡ ಹಾಕಿ. ಇನ್ನೊಂದು ಕೆಲಸ ಬಾಕಿ: ಲೋಡ್/ಸೇವ್ ವಿಭಾಗದಲ್ಲಿ ತಾನಾಗಿ ಉಳಿಸುವ ಅವಧಿಯನ್ನು 5 ನಿಮಿಷ ಮಾಡಿ, ಬ್ಯಾಕಪ್ ಪ್ರತಿ ಇಡುವ ಸಾಲಿಗೂ ಗುರುತು ಹಾಕಿ. ಕರೆಂಟು ಹೋಗುವ ಊರಿನಲ್ಲಿ ಇದು ನಿಮ್ಮನ್ನು ಕಾಯುತ್ತದೆ.

ಹಂತ 5: ಶೈಲಿಗಳನ್ನು ಮೊದಲೇ ಹಾಕುವುದು

ಶೀರ್ಷಿಕೆಯನ್ನು ಸೆಲೆಕ್ಟ್ ಮಾಡಿ, ದಪ್ಪ ಮಾಡಿ, ಗಾತ್ರ 16 ಮಾಡಿ, ನಡುವಿಗೆ ತರುವುದು: ಇದನ್ನು ಇವತ್ತೇ ಬಿಟ್ಟುಬಿಡಿ. ಹಾಗೆ ಮಾಡಿದರೆ ಅದು ಅಧ್ಯಾಯದ ಹೆಸರು ಅಂತ ರೈಟರ್‌ಗೆ ತಿಳಿಯುವುದಿಲ್ಲ. ತಿಳಿಯದಿದ್ದರೆ ಪರಿವಿಡಿ ಬರುವುದಿಲ್ಲ.

1. ಎಫ್11 ಒತ್ತಿ. ಬಲಗಡೆ ಶೈಲಿಗಳ ಪಟ್ಟಿ ತೆರೆಯುತ್ತದೆ.

2. ‘ಬಾಡಿ ಟೆಕ್ಸ್ಟ್’ ಮೇಲೆ ಬಲ ಕ್ಲಿಕ್ ಮಾಡಿ ತಿದ್ದಿ. ಕನ್ನಡ ಫಾಂಟ್ 12, ಸಾಲಿನ ಅಂತರ 1.5. ‘ಫಿಕ್ಸ್ಡ್’ ಎಂಬ ಅಂತರ ಆರಿಸಬೇಡಿ. ಅದರಲ್ಲಿ ಒತ್ತಕ್ಷರದ ಕಾಲು ಕತ್ತರಿಸಿ ಹೋಗುತ್ತದೆ.

3. ‘ಹೆಡಿಂಗ್ 1’ ಅಧ್ಯಾಯದ ಹೆಸರಿಗೆ. ಅದರ ಟೆಕ್ಸ್ಟ್ ಫ್ಲೋ ವಿಭಾಗದಲ್ಲಿ, ಮುಂಚೆ ಪುಟ ಮುರಿಯಬೇಕು ಎಂದು ಹಾಕಿ. ಪ್ರತಿ ಅಧ್ಯಾಯ ತಾನಾಗಿ ಹೊಸ ಪುಟದಲ್ಲಿ ಶುರುವಾಗುತ್ತದೆ.

4. ‘ಹೆಡಿಂಗ್ 2’, ‘ಹೆಡಿಂಗ್ 3’ ಉಪಶೀರ್ಷಿಕೆಗಳಿಗೆ. ಮೂರಕ್ಕಿಂತ ಆಳಕ್ಕೆ ಹೋಗುವುದು ಬೇಡ, ಓದುವವರಿಗೆ ದಾರಿ ತಪ್ಪುತ್ತದೆ.

5. ‘ಕೊಟೇಷನ್ಸ್’ (ಕೆಲವು ಆವೃತ್ತಿಗಳಲ್ಲಿ ‘ಬ್ಲಾಕ್ ಕೊಟೇಷನ್’) ಶೈಲಿ ಉದ್ದದ ಉದ್ಧರಣೆಗಳಿಗೆ. ವಚನ, ಕವಿತೆಯ ಸಾಲುಗಳಿಗೂ ಇದೇ ಆಗುತ್ತದೆ. ಸಾಲು ಮುರಿಯಲು ಶಿಫ್ಟ್ ಮತ್ತು ಎಂಟರ್.

ಬರೆಯುವಾಗ ಕಂಟ್ರೋಲ್ ಜೊತೆ 1 ಒತ್ತಿದರೆ ಹೆಡಿಂಗ್ 1, 2 ಒತ್ತಿದರೆ ಹೆಡಿಂಗ್ 2, ಸೊನ್ನೆ ಒತ್ತಿದರೆ ಸಾಮಾನ್ಯ ಪಠ್ಯ. ಎರಡು ದಿನದಲ್ಲಿ ಕೈಗೆ ಅಭ್ಯಾಸವಾಗುತ್ತದೆ.

ಆಗಾಗ ಎಫ್5 ಒತ್ತಿ ನ್ಯಾವಿಗೇಟರ್ ನೋಡಿ. ನಿಮ್ಮ ಅಧ್ಯಾಯ, ಉಪಶೀರ್ಷಿಕೆ ಎಲ್ಲ ಅಲ್ಲಿ ಕಾಣಬೇಕು. ಯಾವುದೋ ಒಂದು ಕಾಣುತ್ತಿಲ್ಲ ಎಂದರೆ ಅದಕ್ಕೆ ಶೈಲಿ ಹಾಕಿಲ್ಲ ಎಂದರ್ಥ. ಖಾಲಿ ಸಾಲೊಂದು ಕಂಡರೆ, ಎಂಟರ್ ಒತ್ತಿದ ಜಾಗಕ್ಕೂ ಹೆಡಿಂಗ್ ಅಂಟಿದೆ. ಹೊಸ ಪುಟಕ್ಕೆ ಹೋಗಲು ಹತ್ತು ಸಲ ಎಂಟರ್ ಒತ್ತುವ ಅಭ್ಯಾಸ ಇದ್ದವರು ಕಂಟ್ರೋಲ್ ಮತ್ತು ಎಫ್10 ಒತ್ತಿ ನೋಡಿ. ಪುಟದ ತುಂಬ ಗುರುತುಗಳು ಸಾಲಾಗಿ ನಿಂತಿರುತ್ತವೆ. ಅವನ್ನೆಲ್ಲ ಅಳಿಸಿ, ಕಂಟ್ರೋಲ್ ಮತ್ತು ಎಂಟರ್ ಬಳಸಿ.

ಹಂತ 6: ಪುಸ್ತಕಗಳನ್ನು ಝೊಟೆರೊಗೆ ಸೇರಿಸುವುದು

ಇಂಗ್ಲಿಷ್ ಪುಸ್ತಕ, ಪತ್ರಿಕೆಯ ಲೇಖನಗಳಿಗೆ ಕೆಲಸ ಸುಲಭ. ಮಂತ್ರದಂಡದ ಚಿತ್ರ ಒತ್ತಿ ಪುಸ್ತಕದ ಐಎಸ್‌ಬಿಎನ್ ಅಥವಾ ಲೇಖನದ ಡಿಒಐ ಸಂಖ್ಯೆ ಕೊಟ್ಟರೆ ವಿವರ ತಾನೇ ಬರುತ್ತದೆ. ಜಾಲತಾಣದಲ್ಲಿ ಇದ್ದರೆ ಕನೆಕ್ಟರ್ ಬಟನ್ ಒತ್ತಿದರೆ ಸಾಕು. ಆದರೂ ಬಂದದ್ದನ್ನು ನಂಬಿ ಬಿಡಬೇಡಿ. ಲೇಖಕರ ಹೆಸರು, ಇಸವಿ, ಪುಟ: ಮೂರನ್ನೂ ಕಣ್ಣಾಡಿಸಿ.

ಕನ್ನಡ ಪುಸ್ತಕಗಳ ವಿಷಯ ಬೇರೆ. ಬಹುಪಾಲು ಕನ್ನಡ ಪುಸ್ತಕಗಳ ವಿವರ ಹೀಗೆ ಸಿಗುವುದಿಲ್ಲ, ಕೈಯಿಂದ ತುಂಬಬೇಕು. ಗ್ರಂಥಾಲಯದಲ್ಲಿ ಪುಸ್ತಕ ಕೈಗೆ ಸಿಕ್ಕ ತಕ್ಷಣ ಎರಡು ಫೋಟೋ ತೆಗೆದುಕೊಳ್ಳಿ: ಶೀರ್ಷಿಕೆ ಪುಟದ್ದು ಒಂದು, ಅದರ ಹಿಂಬದಿಯದ್ದು ಒಂದು. ಪ್ರಕಾಶಕರು, ಊರು, ಮುದ್ರಣ, ಇಸವಿ ಎಲ್ಲ ಆ ಹಿಂಬದಿಯಲ್ಲೇ ಇರುತ್ತದೆ. ಸಂಜೆ ಮನೆಗೆ ಬಂದು ನ್ಯೂ ಐಟಂ → ಬುಕ್ ಒತ್ತಿ ತುಂಬಿ, ಫೋಟೋವನ್ನೂ ಅದಕ್ಕೇ ಅಂಟಿಸಿಡಿ. ನಾಳೆ ಮಾಡೋಣ ಅಂದರೆ ಪುಸ್ತಕ ಇನ್ಯಾರದೋ ಕೈಯಲ್ಲಿರುತ್ತದೆ.

ಇಸವಿ ಬರೆಯುವಾಗ ನಿಮ್ಮ ಕೈಯಲ್ಲಿರುವ ಮುದ್ರಣದ ಇಸವಿಯನ್ನೇ ಬರೆಯಿರಿ. ಮೊದಲ ಮುದ್ರಣ 1960ರದ್ದು, ನೀವು ಓದಿದ್ದು 2005ರದ್ದು ಎಂದಿಟ್ಟುಕೊಳ್ಳಿ. ಎರಡರಲ್ಲೂ ಪುಟಸಂಖ್ಯೆ ಬೇರೆ ಇರುತ್ತದೆ. ಹಳೆಯ ಇಸವಿ ಹಾಕಿ ಹೊಸ ಮುದ್ರಣದ ಪುಟ ಕೊಟ್ಟರೆ ಪರೀಕ್ಷಕರು ಹುಡುಕಿದಾಗ ಆ ಮಾತು ಅಲ್ಲಿರುವುದಿಲ್ಲ.

*ಹೆಸರಿನ ತೊಡಕು*

ಝೊಟೆರೊ ಪ್ರತಿ ಲೇಖಕರಿಗೂ ಎರಡು ಖಾನೆ ಕೊಡುತ್ತದೆ: ಕುಲನಾಮ ಒಂದು, ಹೆಸರು ಒಂದು. ನಮ್ಮಲ್ಲಿ ಎಷ್ಟೋ ಜನಕ್ಕೆ ಕುಲನಾಮವೇ ಇಲ್ಲ. ಹೆಸರಿನ ಮುಂದೆ ಇರುವುದು ಊರಿನ ಮೊದಲಕ್ಷರ, ತಂದೆಯ ಹೆಸರಿನ ಮೊದಲಕ್ಷರ. ಇವರನ್ನು ಏನು ಮಾಡುವುದು?

‘ಕೆ. ಮಂಜುನಾಥ’ ಎಂಬಂಥ ಹೆಸರಿಗೆ ಎರಡು ದಾರಿ ಇದೆ. ಮಂಜುನಾಥ ಎಂಬುದನ್ನು ಮೊದಲ ಖಾನೆಗೂ ‘ಕೆ.’ ಎಂಬುದನ್ನು ಎರಡನೆಯದಕ್ಕೂ ಹಾಕಿದರೆ ಗ್ರಂಥಋಣದಲ್ಲಿ ‘ಮಂಜುನಾಥ, ಕೆ.’ ಎಂದು ಬಂದು ಮ ಅಕ್ಷರದಡಿ ಕೂರುತ್ತದೆ. ಹೆಸರಿನ ಪಕ್ಕದ ಸಣ್ಣ ಗುರುತು ಒತ್ತಿ ಎರಡು ಖಾನೆಯನ್ನು ಒಂದು ಮಾಡಿದರೆ ‘ಕೆ. ಮಂಜುನಾಥ’ ಎಂದೇ ಬಂದು ಕ ಅಕ್ಷರದಡಿ ಕೂರುತ್ತದೆ. ಯಾವುದು ಬೇಕು ಅಂತ ನಿಮ್ಮ ಗೈಡನ್ನು ಮೊದಲ ವಾರದಲ್ಲೇ ಕೇಳಿ. ನನಗೆ ಮೊದಲನೆಯದು ಇಷ್ಟ, ಹುಡುಕುವವರು ಹೆಸರಿನಿಂದಲೇ ಹುಡುಕುತ್ತಾರೆ ಅಲ್ವಾ. ಕಾವ್ಯನಾಮಕ್ಕೆ, ಅಕಾಡೆಮಿ, ಪರಿಷತ್ತುಗಳಂಥ ಸಂಸ್ಥೆಗಳಿಗೆ ಯಾವಾಗಲೂ ಒಂದೇ ಖಾನೆ. ಉತ್ತರ ಕರ್ನಾಟಕದ ಕಡೆಯ ಮನೆತನದ ಹೆಸರುಗಳಿಗೆ ಎರಡು ಖಾನೆ ಸಹಜವಾಗಿಯೇ ಹೊಂದುತ್ತದೆ.

ಒಂದು ಎಚ್ಚರಿಕೆಯ ಗುರುತು: ಎಪಿಎ ಎಂಬ ಉಲ್ಲೇಖ ಶೈಲಿಯಲ್ಲಿ ಬರೆಯುವಾಗ ಪಠ್ಯದ ನಡುವೆ ಒಬ್ಬ ಲೇಖಕರ ಹೆಸರಿಗೆ ಮಾತ್ರ ಇದ್ದಕ್ಕಿದ್ದಂತೆ ಇನಿಷಿಯಲ್ ಕಾಣಿಸಿಕೊಂಡರೆ, ಅದೇ ಲೇಖಕರನ್ನು ಎರಡು ರೀತಿ ತುಂಬಿದ್ದೀರಿ ಎಂದರ್ಥ. ಒಂದು ಕಡೆ ‘ಕೆ.ವಿ.’, ಇನ್ನೊಂದು ಕಡೆ ‘ಕೆ. ವಿ.’ ಇದ್ದರೂ ಸಾಕು, ಝೊಟೆರೊ ಅವರನ್ನು ಇಬ್ಬರು ಅಂದುಕೊಳ್ಳಬಹುದು.

*ಓದುತ್ತಾ ಟಿಪ್ಪಣಿ*

ಪಿಡಿಎಫ್‌ಗಳನ್ನು ಝೊಟೆರೊದ ಒಳಗೇ ತೆರೆದು ಓದಿ. ಸಾಲಿಗೆ ಬಣ್ಣ ಹಚ್ಚಿ, ಪಕ್ಕದಲ್ಲಿ ನಿಮ್ಮ ಮಾತು ಬರೆಯಬಹುದು. ಆಮೇಲೆ ಆ ಗುರುತುಗಳನ್ನೆಲ್ಲ ಒಂದು ಟಿಪ್ಪಣಿಯಾಗಿ, ಪುಟಸಂಖ್ಯೆ ಸಮೇತ ತೆಗೆದುಕೊಳ್ಳಬಹುದು. ಸ್ಕ್ಯಾನ್ ಮಾಡಿದ ಹಳೆಯ ಪುಸ್ತಕದಲ್ಲಿ ಸಾಲು ಹಿಡಿಯಲು ಬರುವುದಿಲ್ಲ. ಅಲ್ಲಿ ಚೌಕ ಎಳೆಯುವ ಸಾಧನ ಬಳಸಿ, ಉದ್ಧರಣೆಯನ್ನು ಆಗಲೇ ಟೈಪ್ ಮಾಡಿಟ್ಟುಕೊಳ್ಳಿ.

ಟಿಪ್ಪಣಿಯಲ್ಲಿ ಪುಸ್ತಕದ ಮಾತು ಯಾವುದು, ನಿಮ್ಮ ಮಾತು ಯಾವುದು ಅಂತ ಬೇರೆಯಾಗಿ ಕಾಣಬೇಕು. ಪುಸ್ತಕದ ಮಾತಿಗೆ ಉದ್ಧರಣ ಚಿಹ್ನೆ ಮತ್ತು ಪುಟಸಂಖ್ಯೆ ಹಾಕದೆ ಮುಂದೆ ಹೋಗಬೇಡಿ. ಕೃತಿಚೌರ್ಯದ ಬಗ್ಗೆ ಯುಜಿಸಿಯ 2018ರ ನಿಯಮಗಳಲ್ಲಿ 10 ಪ್ರತಿಶತದವರೆಗಿನ ಹೋಲಿಕೆಗೆ ದಂಡವಿಲ್ಲ, ಅದರ ಮೇಲಿದ್ದರೆ ಹಂತ ಹಂತವಾಗಿ ಕ್ರಮವಿದೆ. ಮೂಲ ಹೇಳಿ ಸರಿಯಾಗಿ ಉದ್ಧರಿಸಿದ ಭಾಗ ಆ ಲೆಕ್ಕಕ್ಕೆ ಬರುವುದಿಲ್ಲ. ಕದಿಯುವ ಮನಸ್ಸೇ ಇಲ್ಲದ ಎಷ್ಟೋ ಮಕ್ಕಳು ಮೂರು ತಿಂಗಳ ಹಿಂದಿನ ಟಿಪ್ಪಣಿಯನ್ನು ತಮ್ಮದೇ ವಾಕ್ಯ ಅಂದುಕೊಂಡು ಸೇರಿಸಿ ಸಿಕ್ಕಿಬೀಳುತ್ತಾರೆ. ನನಗೆ ನಿಜಕ್ಕೂ ಸಂಕಟವಾಗುವುದು ಅದನ್ನು ನೋಡಿದಾಗ.

ಉಳಿಸುವ ಬಗ್ಗೆ ಎರಡು ಮಾತು. ಝೊಟೆರೊ ಖಾತೆ ತೆರೆದರೆ ಫೈಲುಗಳಿಗೆ 300 ಎಂಬಿ ಜಾಗ ಉಚಿತ. ಸ್ಕ್ಯಾನ್ ಪುಸ್ತಕಗಳಿದ್ದರೆ ಅದು ಬೇಗ ತುಂಬುತ್ತದೆ. ಆಗ ಫೈಲುಗಳ ಸಿಂಕ್ ನಿಲ್ಲಿಸಿ ವಿವರಗಳ ಸಿಂಕ್ ಮಾತ್ರ ಇಟ್ಟುಕೊಳ್ಳಿ, ಅದಕ್ಕೆ ಮಿತಿಯಿಲ್ಲ. ಝೊಟೆರೊದ ಮೂಲ ಫೋಲ್ಡರನ್ನು ಡ್ರಾಪ್‌ಬಾಕ್ಸ್‌ನಂಥ ಕ್ಲೌಡ್ ಫೋಲ್ಡರಿನ ಒಳಗೆ ಇಡಲೇಬೇಡಿ, ಡೇಟಾಬೇಸ್ ಕೆಡುತ್ತದೆ. ವಾರಕ್ಕೊಮ್ಮೆ ಝೊಟೆರೊ ಮುಚ್ಚಿ, ಆ ಫೋಲ್ಡರನ್ನು ಪೆನ್‌ಡ್ರೈವಿಗೆ ಕಾಪಿ ಮಾಡಿ.

ಹಂತ 7: ಬರೆಯುತ್ತಲೇ ಉಲ್ಲೇಖ ಹಾಕುವುದು

ಬರೆದು ಮುಗಿಸಿ ಆಮೇಲೆ ಉಲ್ಲೇಖ ಹಾಕುತ್ತೇನೆ ಅನ್ನಬೇಡಿ. ವಾಕ್ಯ ಮುಗಿದ ಕೂಡಲೇ ಹಾಕಿ.

1. ಝೊಟೆರೊ ತೆರೆದಿರಲಿ. ವಾಕ್ಯದ ಕೊನೆಯಲ್ಲಿ ಕರ್ಸರ್ ಇಟ್ಟು ‘ಆಡ್/ಎಡಿಟ್ ಸೈಟೇಷನ್’ ಒತ್ತಿ.

2. ಮೊದಲ ಸಲ ಉಲ್ಲೇಖದ ಶೈಲಿ ಕೇಳುತ್ತದೆ. ನಿಮ್ಮ ವಿಭಾಗ ಹೇಳಿದ ಶೈಲಿ ಆರಿಸಿ: ಎಂಎಲ್‌ಎ, ಎಪಿಎ ಅಥವಾ ಶಿಕಾಗೊ. ಅಡಿಟಿಪ್ಪಣಿ ಬೇಕಿದ್ದರೆ ಶಿಕಾಗೊದ ಅಡಿಟಿಪ್ಪಣಿ ಶೈಲಿ.

3. ತೆರೆಯುವ ಪಟ್ಟಿಯಲ್ಲಿ ಪುಸ್ತಕದ ಅಥವಾ ಲೇಖಕರ ಹೆಸರಿನ ಮೊದಲ ಕೆಲವು ಅಕ್ಷರ ಕನ್ನಡದಲ್ಲೇ ಬರೆಯಿರಿ. ಬೇಕಾದ್ದನ್ನು ಆರಿಸಿ, ಅದರ ಮೇಲೆ ಕ್ಲಿಕ್ ಮಾಡಿ ಪುಟಸಂಖ್ಯೆ ತುಂಬಿ, ಎಂಟರ್ ಒತ್ತಿ.

4. ಕೊನೆಯ ಪುಟದಲ್ಲಿ ‘ಆಡ್/ಎಡಿಟ್ ಬಿಬ್ಲಿಯಾಗ್ರಫಿ’ ಒತ್ತಿ. ಗ್ರಂಥಋಣ ಬಂದು ನಿಲ್ಲುತ್ತದೆ. ಮುಂದೆ ಉಲ್ಲೇಖ ಸೇರಿದಂತೆಲ್ಲ ಅದೂ ಬೆಳೆಯುತ್ತದೆ.

ಜೀವಂತ ಉಲ್ಲೇಖದ ಹಿಂದೆ ಬೂದು ಬಣ್ಣ ಇರುತ್ತದೆ. ಅಚ್ಚಿನಲ್ಲಿ ಅದು ಬರುವುದಿಲ್ಲ. ಬೂದು ಬಣ್ಣ ಕಾಣದಿದ್ದರೆ ಕಂಟ್ರೋಲ್ ಮತ್ತು ಎಫ್8 ಒತ್ತಿ ನೋಡಿ. ಆಗಲೂ ಕಾಣದಿದ್ದರೆ ಕೊಂಡಿ ಕಡಿದಿದೆ, ಆ ಉಲ್ಲೇಖವನ್ನು ಅಳಿಸಿ ಹೊಸದಾಗಿ ಹಾಕಬೇಕು.

ಕೊಂಡಿ ಕಡಿಯುವುದು ಹೆಚ್ಚಾಗಿ ಒಂದೇ ಕಾರಣಕ್ಕೆ. ನಡುವೆ ಯಾರಿಗೋ ಕಳಿಸಲು ಫೈಲನ್ನು ಡಾಕ್ಸ್ (ಮೈಕ್ರೋಸಾಫ್ಟ್ ವರ್ಡ್‌ನ) ರೂಪದಲ್ಲಿ ಉಳಿಸಿ, ಮುಂದಿನ ಕೆಲಸವನ್ನೂ ಅದರಲ್ಲೇ ಮಾಡುವುದು. ನಿಮ್ಮ ಕೆಲಸದ ಫೈಲ್ ಕೊನೆಯವರೆಗೂ ರೈಟರ್‌ನ ಸ್ವಂತ ರೂಪವಾದ ಒಡಿಟಿಯಲ್ಲೇ ಇರಲಿ. ಗೈಡಿಗೆ ತೋರಿಸಲು ಪಿಡಿಎಫ್ ಕೊಡಿ. ಅವರು ತಿದ್ದಿದ್ದನ್ನು ನೀವೇ ನಿಮ್ಮ ಫೈಲಿಗೆ ಹಾಕಿ.

ಉಲ್ಲೇಖದೊಳಗೆ ಕೈಯಿಂದ ತಿದ್ದಬೇಡಿ. ಮುಂದಿನ ರಿಫ್ರೆಶ್‌ನಲ್ಲಿ ಅಳಿಸಿಹೋಗುತ್ತದೆ. ತಪ್ಪು ಕಂಡರೆ ಝೊಟೆರೊದಲ್ಲಿ ತಿದ್ದಿ, ರೈಟರ್‌ಗೆ ಬಂದು ರಿಫ್ರೆಶ್ ಒತ್ತಿ.

ಹಂತ 8: ಪುಟಸಂಖ್ಯೆ ಮತ್ತು ಪರಿವಿಡಿ

ಮೊದಲ ಅಧ್ಯಾಯಕ್ಕೆ ಮುಂಚಿನ ಪುಟಗಳಿಗೆ ರೋಮನ್ ಅಂಕಿ, ಮೊದಲ ಅಧ್ಯಾಯದಿಂದ 1. ಇದು ಎಲ್ಲರೂ ಕೇಳುವ ಕ್ರಮ, ಎಲ್ಲರೂ ಕೆಡಿಸುವ ಜಾಗ. ಕೆಳಗಿನ ಕ್ರಮ ಬಿಡಬೇಡಿ.

1. ಎಫ್11 ಒತ್ತಿ, ಪುಟದ ಶೈಲಿಗಳ ಚಿತ್ರ ಆರಿಸಿ, ಬಲ ಕ್ಲಿಕ್ ಮಾಡಿ ಹೊಸದೊಂದನ್ನು ಮಾಡಿ. ‘ಮುಂಭಾಗ’ ಎಂದು ಹೆಸರಿಡಿ. ಪುಟಸಂಖ್ಯೆಯ ರೂಪ ರೋಮನ್ ಸಣ್ಣಕ್ಷರ.

2. ಮೊದಲ ಪುಟದಲ್ಲಿ ಕರ್ಸರ್ ಇಟ್ಟು ‘ಮುಂಭಾಗ’ದ ಮೇಲೆ ಎರಡು ಸಲ ಕ್ಲಿಕ್ ಮಾಡಿ.

3. ಮೊದಲ ಅಧ್ಯಾಯದ ಹೆಸರಿನ ಮುಂದೆ ಕರ್ಸರ್ ಇಟ್ಟು ಇನ್ಸರ್ಟ್ → ಮೋರ್ ಬ್ರೇಕ್ಸ್ → ಮ್ಯಾನ್ಯುಯಲ್ ಬ್ರೇಕ್ ತೆರೆಯಿರಿ. ಪೇಜ್ ಬ್ರೇಕ್, ಶೈಲಿ ‘ಡಿಫಾಲ್ಟ್ ಪೇಜ್ ಸ್ಟೈಲ್’, ಪುಟಸಂಖ್ಯೆ ಬದಲಾಯಿಸಿ 1.

4. ಎರಡೂ ಶೈಲಿಗೆ ಫುಟರ್ ಹಾಕಿ. ಎರಡರಲ್ಲೂ ಪುಟಸಂಖ್ಯೆಯ ಫೀಲ್ಡ್ ಸೇರಿಸಿ. ಸುಮ್ನೆ 1 ಎಂದು ಟೈಪ್ ಮಾಡಿದರೆ ಎಲ್ಲ ಪುಟದಲ್ಲೂ 1 ಬರುತ್ತದೆ.

ಅಚ್ಚು ಹಾಕುವಾಗ ಮೊದಲ ಅಧ್ಯಾಯಕ್ಕೆ ಮುಂಚೆ ನೀವು ಹಾಕದ ಖಾಲಿ ಪುಟ ಬಂದರೆ ಹೆದರಬೇಡಿ. ಬೆಸ ಸಂಖ್ಯೆಯ ಪುಟ ಬಲಗಡೆಯೇ ಬರಬೇಕು ಅಂತ ರೈಟರ್ ಅದನ್ನು ಸೇರಿಸುತ್ತದೆ. ಒಂದೇ ಬದಿಗೆ ಅಚ್ಚು ಹಾಕುವವರು ಪ್ರಿಂಟ್ ಆಯ್ಕೆಗಳಲ್ಲಿ ಆ ಖಾಲಿ ಪುಟ ಬೇಡ ಎಂದು ಗುರುತು ತೆಗೆಯಬಹುದು.

ಪರಿವಿಡಿ ಇನ್ನೂ ಸುಲಭ. ಇನ್ಸರ್ಟ್ ಮೆನುವಿನಲ್ಲಿ ಟೇಬಲ್ ಆಫ್ ಕಂಟೆಂಟ್ಸ್ ಆರಿಸಿ ಸರಿ ಒತ್ತಿದರೆ ಆಯಿತು. ಅದನ್ನು ಕೈಯಿಂದ ತಿದ್ದಬೇಡಿ. ಅಧ್ಯಾಯ ಬದಲಾದಾಗ ಬಲ ಕ್ಲಿಕ್ ಮಾಡಿ ‘ಅಪ್‌ಡೇಟ್ ಇಂಡೆಕ್ಸ್’ ಒತ್ತಿ. ಪರಿವಿಡಿಯಲ್ಲಿ ಇಡೀ ಪ್ಯಾರಾ ಒಂದು ಬಂದು ಕೂತಿದ್ದರೆ ಆ ಪ್ಯಾರಾಕ್ಕೆ ತಪ್ಪಿ ಹೆಡಿಂಗ್ ಶೈಲಿ ಬಿದ್ದಿದೆ.

ಚಿತ್ರಗಳು ಓಡಾಡುತ್ತಿದ್ದರೆ ಚಿತ್ರದ ಮೇಲೆ ಬಲ ಕ್ಲಿಕ್ ಮಾಡಿ ಆ್ಯಂಕರ್ ‘ಆ್ಯಸ್ ಕ್ಯಾರೆಕ್ಟರ್’ ಎಂದು ಇಡಿ. ಇದ್ದ ಜಾಗ ಬಿಟ್ಟು ಕದಲುವುದಿಲ್ಲ.

ಹಂತ 9: ಕಾಗುಣಿತ ಮತ್ತು ಕೊನೆಯ ಪ್ರತಿ

ಕನ್ನಡಕ್ಕೆ ಕಾಗುಣಿತ ನೋಡುವ ಹನ್‌ಸ್ಪೆಲ್ ಪದಪಟ್ಟಿ ಇದೆ, ಸೇರಿಸಿಕೊಳ್ಳಬಹುದು. ಆದರೆ ಅದರ ಮೇಲೆ ಪೂರ್ತಿ ಭಾರ ಹಾಕಬೇಡಿ. ನಮ್ಮ ಭಾಷೆಯಲ್ಲಿ ಒಂದು ಪದಕ್ಕೆ ಪ್ರತ್ಯಯಗಳು ಒಂದರ ಮೇಲೊಂದು ಸೇರುತ್ತವೆ. ‘ಮನೆ’ ಪಟ್ಟಿಯಲ್ಲಿದ್ದರೂ ‘ಮನೆಯವರಿಗಾದರೂ’ ಇಲ್ಲದಿರಬಹುದು. ಸರಿ ಇರುವ ಪದಕ್ಕೂ ಕೆಂಪು ಗೆರೆ ಜಾಸ್ತಿ ಬೀಳುತ್ತದೆ. ಅಚ್ಚು ಹಾಕಿಸಿ, ಪೆನ್ನು ಹಿಡಿದು, ಜೋರಾಗಿ ಓದುತ್ತಾ ತಿದ್ದುವುದಕ್ಕೆ ಬದಲಿ ಇನ್ನೂ ಸಿಕ್ಕಿಲ್ಲ. ಗೆಳೆಯರೊಬ್ಬರು ಓದಲಿ, ನೀವು ಮೂಲ ನೋಡುತ್ತಾ ಹೋಗಿ.

ಎಲ್ಲ ಸರಿಯಾದ ಮೇಲೆ ಫೈಲಿನ ಒಂದು ಪ್ರತಿ ಮಾಡಿ, ಹೆಸರಿನಲ್ಲಿ ‘ಅಂತಿಮ’ ಎಂದು ಸೇರಿಸಿ. ಈ ಪ್ರತಿಯಲ್ಲಿ ಮಾತ್ರ ಝೊಟೆರೊದ ‘ಅನ್‌ಲಿಂಕ್ ಸೈಟೇಷನ್ಸ್’ ಒತ್ತಿ. ಈಗ ಉಲ್ಲೇಖಗಳು ಸಾಮಾನ್ಯ ಪಠ್ಯವಾಗುತ್ತವೆ. ಇಂಗ್ಲಿಷಿನಲ್ಲೇ ಬಂದಿರುವ ಪುಟ, ಮತ್ತು, ಸಂಪಾದಕ ಎಂಬ ಪದಗಳನ್ನು ಫೈಂಡ್ ಅಂಡ್ ರಿಪ್ಲೇಸ್‌ನಿಂದ ಕನ್ನಡಕ್ಕೆ ತನ್ನಿ. ಕನ್ನಡ ಪುಸ್ತಕ ಮೊದಲು, ಇಂಗ್ಲಿಷ್ ಪುಸ್ತಕ ಆಮೇಲೆ ಬರಬೇಕು ಅಂತ ವಿಭಾಗದವರು ಹೇಳಿದ್ದರೆ ಗ್ರಂಥಋಣವನ್ನು ಈಗಲೇ ಬೇರೆ ಮಾಡಿ. ಮೂಲ ಪ್ರತಿಯಲ್ಲಿ ಇದನ್ನು ಮಾಡಿದರೆ ಮತ್ತೆ ಹಿಂದಕ್ಕೆ ಹೋಗಲು ದಾರಿಯಿಲ್ಲ.

ಹಂತ 10: ಪಿಡಿಎಫ್ ಮಾಡಿ ಅಂಗಡಿಗೆ ಒಯ್ಯುವುದು

ಪರಿವಿಡಿಯನ್ನು ಕೊನೆಯ ಸಲ ಅಪ್‌ಡೇಟ್ ಮಾಡಿ. ಫೈಲ್ → ಎಕ್ಸ್‌ಪೋರ್ಟ್ ಆ್ಯಸ್ → ಎಕ್ಸ್‌ಪೋರ್ಟ್ ಆ್ಯಸ್ ಪಿಡಿಎಫ್. ಅದರಲ್ಲಿ ಹೈಬ್ರಿಡ್ ಎಂಬ ಆಯ್ಕೆಗೆ ಗುರುತು ಹಾಕಿದರೆ ಪಿಡಿಎಫ್‌ನ ಒಳಗೇ ನಿಮ್ಮ ಒಡಿಟಿ ಫೈಲೂ ಕೂತಿರುತ್ತದೆ. ಪೆನ್‌ಡ್ರೈವ್ ಕಳೆದುಹೋದರೂ ಮೇಲ್‌ನಲ್ಲಿ ಕಳಿಸಿದ ಪಿಡಿಎಫ್‌ನಿಂದ ಮತ್ತೆ ಕೆಲಸ ಶುರುಮಾಡಬಹುದು.

ಜೆರಾಕ್ಸ್ ಅಂಗಡಿಗೆ ಪಿಡಿಎಫ್ ಮಾತ್ರ ಕೊಡಿ. ಒಡಿಟಿ ಕೊಟ್ಟರೆ ಅವರ ಕಂಪ್ಯೂಟರಿನಲ್ಲಿ ನಿಮ್ಮ ಫಾಂಟ್ ಇಲ್ಲದೆ ಸಾಲುಗಳು ಜರುಗಿ, ಪರಿವಿಡಿಯ ಪುಟಗಳೆಲ್ಲ ತಪ್ಪುತ್ತವೆ. ಅಂಗಡಿಗೆ ಹೋಗುವ ಮುಂಚೆ ಪಿಡಿಎಫನ್ನು ನಿಮ್ಮ ಫೋನಿನಲ್ಲಿ ತೆರೆದು ನೋಡಿ. ಫೋನಿನಲ್ಲಿ ಅಕ್ಷರ ಸರಿ ಇದ್ದರೆ ಅಂಗಡಿಯಲ್ಲೂ ಸರಿ ಇರುತ್ತದೆ.

ಇಡೀ ಪ್ರಬಂಧಕ್ಕೆ ಒಟ್ಟಿಗೆ ಪ್ರಿಂಟ್ ಕೊಡಬೇಡಿ. ಮೊದಲು ನಾಲ್ಕು ಪುಟ ಮಾತ್ರ ತೆಗೆಸಿ: ಪರಿವಿಡಿ, ಒಂದು ಅಧ್ಯಾಯದ ಮೊದಲ ಪುಟ, ಚಿತ್ರ ಇರುವ ಒಂದು ಪುಟ, ಗ್ರಂಥಋಣದ ಒಂದು ಪುಟ. ಒತ್ತಕ್ಷರದ ಕೆಳಭಾಗ ಕತ್ತರಿಸಿದೆಯೇ, ಎಡಗಡೆ ಬೈಂಡಿಂಗ್‌ಗೆ ಜಾಗ ಉಳಿದಿದೆಯೇ, ಪರಿವಿಡಿಯಲ್ಲಿ ಹೇಳಿದ ಪುಟದಲ್ಲೇ ಆ ಅಧ್ಯಾಯ ಇದೆಯೇ ನೋಡಿ. ಸರಿ ಇದ್ದರೆ ಉಳಿದ ಪುಟಗಳನ್ನು ತೆಗೆಸಿ, ಬೈಂಡಿಂಗ್‌ಗೆ ಕೊಡಿ.